ಕಾರಿನ ಕದದೊಳಗೆ ಮೆಣಸಿನಕಾಯಿ ಕಣ

ಕುಂದಗೋಳ ತಾಲ್ಲೂಕಿನ ನಮ್ಮ ಕುಬಿಹಾಳದ ಸುತ್ತ ಎತ್ತ ನೋಡಿದರೂ ಎರಿಹೊಲ. ನೋಟಕ್ಕೆ ಅಡ್ಡ ಬರುವ ಅಡವಿಯಿಲ್ಲ. ಕಣ್ಣಿಗೆ ಸಿಗುವುದರಲ್ಲಿ ಮುಕ್ಕಾಲು ಪಾಲು ಬರೀ ಮುಗಿಲು. ಹೊಳಪಿನ ಸುಖ ಅರಿಯಬೇಕೆಂದರೆ ಇಂಥ ಬಯಲೇ ಬೇಕು ಎಂದು ನನಗೆ ಖಾತ್ರಿಯಾಗಿದೆ. ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತ ಕಾರು ಎಷ್ಟೇ ಹೊಳೆದರೂ ಅದರ ಮೈಯಲ್ಲಿ ಕಾಣುವುದು ಟ್ಯೂಬ್‌ಲೈಟು, ಪಕ್ಕದ ಕಾರು. ಇಲ್ಲಿ ಬೇವಿನ ಮರದಿಂದ ನಾಲ್ಕು ಮಾರು ಆಚೆ, ಕಣದ ಅಂಚಿಗೆ ತಂದು ನಿಲ್ಲಿಸಿದರೆ ಬಾನೆಟ್ಟಿನ ತುಂಬ ಮುಗಿಲು ಇಳಿಯುತ್ತದೆ, ಕದಗಳ ಕೆಳಭಾಗಕ್ಕೆ ಹೊಲ ಬರುತ್ತದೆ. ಜನವರಿ, ಫೆಬ್ರವರಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಬಿಡಿಸಿ ಕಣದಲ್ಲಿ ಹರವಿದಾಗ ಕಡುನೀಲಿ ಕಾರಿನ ಕದದಲ್ಲಿ ಆ ಕೆಂಪು ಮೂಡುವುದನ್ನು ನಿಂತು ನೋಡಬೇಕು. ನೇರ ನೋಡಿದರೆ ಕಣದ ಕೆಂಪು ಕಣ್ಣು ಕುಕ್ಕುತ್ತದೆ. ಕದದೊಳಗೆ ಅದೇ ಕೆಂಪು ನೀಲಿಯೊಂದಿಗೆ ಬೆರೆತು ತಣ್ಣಗಾಗಿ, ತಗಡಿನ ಉಬ್ಬಿನ ಜೊತೆ ತಾನೂ ಬಾಗಿ, ಗಾಲಿಯ ಹತ್ತಿರ ತೆಳ್ಳನೆಯ ಗೆರೆಯಾಗಿ ಮುಗಿಯುತ್ತದೆ. ಕಾಯಿ ಮಗುಚಲು ಬಂದ ಹೆಣ್ಣುಮಕ್ಕಳ ಸೀರೆಯ ಬಣ್ಣಗಳೂ ಆ ಕೆಂಪಿನ ಮೇಲೆ ಹಾದುಹೋಗುತ್ತವೆ.

ಆ ಕದ ಹೀಗೆ ಕಣವನ್ನು ಒಳಗೆ ಬಿಟ್ಟುಕೊಳ್ಳಬೇಕಾದರೆ ಅದರ ಮೇಲ್ಮೈ ನಂಬಲಾಗದಷ್ಟು ಸಮನಾಗಿರಬೇಕು. ಸಮನಾದ ಮೈಯ ಮೇಲೆ ಬಿದ್ದ ಬೆಳಕು ಬಿದ್ದ ಕೋನದಲ್ಲೇ ಅಚ್ಚುಕಟ್ಟಾಗಿ ಮರಳುತ್ತದೆ. ಗೀರು ತುಂಬಿದ ಮೈಯ ಮೇಲೆ ಬಿದ್ದದ್ದು ದಿಕ್ಕೆಟ್ಟು ಚದುರುತ್ತದೆ, ಆಗ ಬಣ್ಣದ ಮೇಲೆ ಬೂದಿಯ ತೆರೆ ಎಳೆದಂತೆ ಕಾಣುತ್ತದೆ. ಈಗಿನ ಕಾರುಗಳ ತಗಡಿಗೆ ಕಾರ್ಖಾನೆಯಲ್ಲಿ ಪದರದ ಮೇಲೆ ಪದರ ಕೂಡಿಸಿರುತ್ತಾರೆ. ತುಕ್ಕು ತಡೆಯಲು ಇಡೀ ಒಡಲನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತಿನ ಬಲದಿಂದ ಹಿಡಿಸಿದ ತಳಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ, ಆರಪಾರ ಕಾಣುವ ಕ್ಲಿಯರ್ ಕೋಟ್. ಎಲ್ಲ ಸೇರಿ ದಪ್ಪ ಸುಮಾರು 100ರಿಂದ 130 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40, 50 ಮೈಕ್ರಾನ್ ಅಷ್ಟೇ. ತಲೆಗೂದಲ ಎಳೆಗಿಂತಲೂ ತೆಳುವು. ನಾವು ಮನೆಯ ಮುಂದೆ ನಿಂತು ತೊಳೆಯುವುದು, ತಿಕ್ಕುವುದು, ಮೇಣ ಹಚ್ಚುವುದು ಎಲ್ಲ ಈ ಎಳೆಗಿಂತ ತೆಳುವಾದ ಪದರದ ಮೇಲೆ. ಇದು ತಿಳಿದ ಮೇಲೆ ಕೈ ತಾನಾಗಿ ಹಗುರಾಗುತ್ತದೆ.

ಮೈ ಸಮ ಮಾಡಿ ಬೆಳಕು ಹಿಡಿಯುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. ಅಣ್ಣಿಗೇರಿಯ ಅಮೃತೇಶ್ವರ ಗುಡಿಗೋ ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಗೋ ಹೋಗಿ, ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಸುಮ್ಮನೆ ನಿಲ್ಲಿ. ಮೊದಲು ಕಾಣುವುದು ಕಂಬವಲ್ಲ, ಕಂಬದ ಬಳೆಗಳ ಮೇಲೆ ಕೂತ ಬಾಗಿಲ ಬೆಳಕು. ಕಲ್ಯಾಣ ಚಾಲುಕ್ಯರ ಕಾಲದ ಕುಶಲಿಗಳು ಬಳಪದ ಕಲ್ಲನ್ನು ತಿರುಗಿಸಿ ಕಡೆದು, ಉಂಗುರ ಉಂಗುರವಾಗಿ ನುಣುಪು ಮಾಡಿದ್ದಾರೆ. ಈ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಒಡ್ಡಿದಷ್ಟೂ ಗಟ್ಟಿ. ಅದಕ್ಕೇ ಅಷ್ಟು ಸೂಕ್ಷ್ಮ ಕೆತ್ತನೆಯೂ ಸಾಧ್ಯವಾಯಿತು, ಒಂಬತ್ತು ನೂರು ವರ್ಷ ದಾಟಿಯೂ ಆ ನುಣುಪು ಉಳಿಯಿತು. ಒರಟಿನಿಂದ ನಯಕ್ಕೆ ಹಂತಹಂತವಾಗಿ ಇಳಿಯುವುದು, ಹಿಂದಿನ ಹಂತ ಬಿಟ್ಟ ಗೀರನ್ನು ಮುಂದಿನದು ಅಳಿಸುವುದು: ಉಜ್ಜಿ ಹೊಳಪು ತೆಗೆಯುವ ಎಲ್ಲ ಕಸುಬಿನ ಹಾದಿಯೂ ಇದೇ. ಚನ್ನಪಟ್ಟಣದ ಗೊಂಬೆಯವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಾಟದ ಬಿಸಿಗೆ ಅರಗು ಕರಗಿ ಹರಡಿದ ಮೇಲೆ ಒಣಗಿದ ಕೇದಗೆ ಎಲೆ ಹಿಡಿದು ನಯ ಮಾಡುತ್ತಾರೆ. ಅಂಗಡಿಯಲ್ಲಿ ಪಾಲಿಶ್ ಡಬ್ಬಿ ಕೊಂಡು ತರುವವರಿಗೂ ಆ ಎಲೆಯ ನೆನಪಿರಬೇಕು ಎಂದು ನನ್ನಾಸೆ.

ಇನ್ನು ಎರಿಮಣ್ಣು. ಈ ಊರಿನಲ್ಲಿ ಕಾರು ತೊಳೆಯುವುದೆಂದರೆ ಮೊದಲು ಎರಿಮಣ್ಣಿನ ಸ್ವಭಾವ ಅರಿಯುವುದು. ಬ್ಯಾಸಿಗಿಯಲ್ಲಿ ಹೊಲವೆಲ್ಲ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಆ ಬಿರುಕುಗಳನ್ನು ಮುಚ್ಚುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಪದರಗಳ ನಡುವೆ ನೀರು ಹೊಕ್ಕು ಹೊರಡುವುದರಿಂದ ಈ ಉಬ್ಬು, ಈ ಬಿರುಕು. ಜೇಡಿಯೇನೋ ಮೆದುವಾದದ್ದೇ, ಬರೀ ಜೇಡಿಯಾಗಿದ್ದರೆ ಕಾರಿನ ಮೈಗೆ ಭಯವಿರಲಿಲ್ಲ. ಅದರೊಳಗೆ ಉಸುಕಿನ ಹರಳು, ಸುಣ್ಣಕಲ್ಲಿನ ಚೂರು ಸೇರಿರುತ್ತವೆ. ಒಣ ಅರಿವಿ ಹಿಡಿದು ಧೂಳು ಒರೆಸಿದರೆ ನಾವು ಒರೆಸುವುದು ಆ ಹರಳುಗಳನ್ನು ಮೈಮೇಲೆ ಎಳೆದಾಡುತ್ತ. ಮುಂಜಾನೆ ಕಾರು ಹೊರಡಿಸುವ ಮುಂಚೆ ಹೆಗಲ ಮೇಲಿನ ಟವೆಲಿನಿಂದ ಬಾನೆಟ್ಟನ್ನು ಪಟಪಟ ಝಾಡಿಸುವುದು ನಮ್ಮ ಸೀಮೆಯ ಚಾಲಕರ ಹಳೆಯ ರೂಢಿ. ಬಣ್ಣದ ಆಯುಷ್ಯವನ್ನು ಅಷ್ಟು ಬೇಗ ತಿನ್ನುವುದು ಬೇರೊಂದಿಲ್ಲ.

ಮಳೆಗಾಲದ ರಾಡಿಯದು ಬೇರೆ ಕತೆ. ಹೊಲದ ದಾರಿಯಲ್ಲಿ ಹೋಗಿ ಬಂದರೆ ಗಾಲಿಯ ಮೇಲಿನ ಕಮಾನಿನೊಳಗೆ, ಕದದ ಕೆಳಗೆ ಮೆತ್ತಿದ ರಾಡಿ ಒಣಗಿ ಹೆಂಟೆಯಾಗುತ್ತದೆ. ಅದನ್ನು ಕಿತ್ತರೆ ಕೆಟ್ಟಿತು. ನೀರು ಕುಡಿಸಬೇಕು, ಕಾಯಬೇಕು. ಕುಡಿದಷ್ಟೂ ಉಬ್ಬುವುದು ಅದರ ಗುಣ. ಉಬ್ಬಿದ ಮೇಲೆ ತಾನೇ ಹಿಡಿತ ಸಡಲಿಸಿ ಜಾರುತ್ತದೆ. ಬೆಳೆಗೆ ಎಣ್ಣಿ ಹೊಡೆಯುವ 16 ಲೀಟರಿನ ಬ್ಯಾಟರಿ ಪಂಪು ಇದಕ್ಕೆ ಹೇಳಿ ಮಾಡಿಸಿದ್ದು. ಸಣ್ಣ ಹನಿಯಾಗಿ, ಒಂದೇ ಸಮನೆ ಸಿಂಪಡಿಸುತ್ತದೆ, ನೀರೂ ಕಡಿಮೆ ಸಾಕು. ಒಂದು ಹೊಸ ಪಂಪನ್ನು ಬರೀ ನೀರಿಗೆಂದೇ ಇಟ್ಟುಕೊಳ್ಳಬೇಕು, ಹೊಲದ ಔಷಧಿ ತುಂಬಿದ್ದನ್ನು ಈ ಕೆಲಸಕ್ಕೆ ತರಬಾರದು. ಸಿಂಪಡಿಸಿ, ಕಟ್ಟಿಯ ಮೇಲೆ ಕೂತು ಚಹಾ ಕುಡಿದು, ಮತ್ತೆ ಸಿಂಪಡಿಸಿ, ಆಮೇಲೆ ಕೊಡ ಎತ್ತಿ ಮೇಲಿನಿಂದ ನೀರು ಇಳಿಬಿಟ್ಟರೆ ರಾಡಿ ಕರೀ ತೊರೆಯಾಗಿ ಇಳಿದು ಅಂಗಳ ಸೇರುತ್ತದೆ. ಕೈ ಇನ್ನೂ ಮುಟ್ಟಿರುವುದೇ ಇಲ್ಲ, ಕಾರಿನ ಮುಕ್ಕಾಲು ಕೊಳೆ ಹೋಗಿರುತ್ತದೆ. ಈ ಕಾಯುವ ಹೊತ್ತು ನನಗೆ ಇಡೀ ಕೆಲಸದಲ್ಲಿ ಬಹಳ ಪ್ರೀತಿಯದು.

ಒಮ್ಮೆ ಓಣಿಯ ಹಿರಿಯರೊಬ್ಬರು ಬಂದು ನಿಂತು ಕೇಳಿದರು: 'ಯಾಕಪಾ ತಮ್ಮಾ, ಒಂದ ಕಾರಿಗೆ ಎರಡ ಬಕೇಟ್ ಯಾಕ ಇಟ್ಟೀ?'

'ದೊಡ್ಡಪ್ಪಾ, ಒಂದು ಸಾಬೂನು ನೀರಿಂದ್ರಿ. ಇನ್ನೊಂದು ಅರಿವಿ ತೊಳಿಯಾಕ. ಅರಿವಿಗೆ ಹತ್ತಿದ ಉಸುಕು ಮತ್ತ ಕಾರಿಗೆ ಹತ್ತಬಾರದಲ್ರಿ.'

ಅವರು ಒಪ್ಪಿ ತಲೆದೂಗಿದರು. 'ಖರೇನ. ಎತ್ತಿನ ಮೈ ತೊಳಿಯೂಮುಂದ ನಾವೂ ಹಂಗ ಮಾಡ್ತಿದ್ವಿ. ಕೆರಿಯಾಗ ಹೊಟ್ಟಿಮಟ ನಿಲ್ಲಿಸಿ, ರಾಡಿ ನೆನದ ಮ್ಯಾಲನ ತಿಕ್ಕೂದು. ಒಣಾ ಮೈ ತಿಕ್ಕಿದ್ರ ಎತ್ತ ಕೊಸರತಿತ್ತು.'

ಆ ಮಾತು ನನಗೆ ಬಹಳ ಹಿಡಿಸಿತು. ಕಾರ ಹುಣ್ಣಿವೆಗೆ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ತೊಳೆದು, ಕೋಡು ಹೆರೆದು ನುಣುಪು ಮಾಡಿ, ಹುರಮಂಜು ಹಚ್ಚಿ, ಹಿತ್ತಾಳೆ ಅಣಸು ಹಾಕಿ ಊರ ಮುಂದೆ ತರುವಾಗ ಆ ಮೈಯ ಮಿಂಚನ್ನು ನೋಡಿ ಬೆಲೆ ಕಟ್ಟುತ್ತಿದ್ದ ಕಣ್ಣುಗಳು ಇವು. ಕಾರಿನ ಬಾನೆಟ್ಟಿನ ಮೇಲೆ ಉಳಿದ ಸಣ್ಣ ಮಂಕನ್ನೂ ಅವರು ದೂರದಿಂದಲೇ ಗುರುತಿಸುತ್ತಾರೆ.

ತೊಳೆಯಲು ದಪ್ಪ ನೂಲಿನ, ಗೊಂಚಲು ಗೊಂಚಲಾದ ಕೈಗವಸೇ ಉತ್ತಮ. ಉಸುಕಿನ ಹರಳು ಆ ಎಳೆಗಳ ನಡುವೆ ಒಳಸೇರುತ್ತದೆ; ಚಪ್ಪಟೆ ಅರಿವಿಯಲ್ಲಾದರೆ ಅಂಗೈಗೂ ಬಣ್ಣಕ್ಕೂ ನಡುವೆ ಸಿಕ್ಕು ಗೀರೆಳೆಯುತ್ತದೆ. ಕಾರಿನ ಮಾಳಿಗೆಯಿಂದ ಶುರು ಮಾಡಿ ಕೆಳಗಿಳಿಯಬೇಕು, ಕದದ ಕೆಳಗಿನ ಗೇಣುದ್ದ ಜಾಗ ಕೊನೆಗೆ. ಬಟ್ಟೆ ಸೋಪಿನ ಪುಡಿ ಬೇಡ, ಅದರ ಕ್ಷಾರ ಹಿಂದೆ ಹಚ್ಚಿದ ಮೇಣವನ್ನೆಲ್ಲ ಕಳಚುತ್ತದೆ. ಸೀಮೆಎಣ್ಣೆ, ಡೀಸೆಲ್ ಹಾಕಿ ಒರೆಸುವವರೂ ಇದ್ದಾರೆ. ಅರ್ಧ ದಿನ ಜೋರಾಗಿ ಮಿಂಚುತ್ತದೆ ನಿಜ, ಸಂಜೆಗೆ ಆ ಎಣ್ಣೆಯ ಮೇಲೆ ಊರಿನ ಧೂಳೆಲ್ಲ ಬಂದು ಕೂತಿರುತ್ತದೆ, ರಬ್ಬರಿಗೂ ಕೇಡು.

ನೀರಿನ ಮಾತೂ ಇದೆ. ಬೋರಿನ ನೀರು ಗಡಸು. ಅದರ ಹನಿ ಬಿಸಿಲಿಗೆ ಆರಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿಯ ಉಂಗುರವಾಗಿ ಉಳಿಯುತ್ತವೆ, ಬಿಟ್ಟರೆ ಕಚ್ಚಿಕೊಳ್ಳುತ್ತವೆ. ಮನೆಯ ಮಾಳಿಗೆಯ ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಒಂದೆರಡು ಕೊಡ ಅದೇ ಇರಲಿ. ಮಳೆನೀರಿನಲ್ಲಿ ತೊಳೆದ ಕಾರು ಒಣಗುವ ಬಗೆಯೇ ಬೇರೆ, ಗಾಜಿನ ಮೇಲೆ ಕೂಡ ಒಂದು ಕಲೆ ನಿಲ್ಲುವುದಿಲ್ಲ. ಬೇವಿನ ಮರದಲ್ಲಿ ಕೂತ ಹಕ್ಕಿಗಳ ಹಿಕ್ಕೆ ಕಂಡರೆ ಮಾತ್ರ ತೊಳೆಯುವ ದಿನಕ್ಕೆ ಕಾಯಬಾರದು. ಅದರ ಹುಳಿ ಒಂದು ಕಡೆ. ಬಿಸಿಲಿಗೆ ಮೆತ್ತಗಾದ ಕ್ಲಿಯರ್ ಕೋಟು ಸಂಜೆ ತಣಿದು ಬಿಗಿಯುವಾಗ ಒಣಗಿದ ಹಿಕ್ಕೆಯ ಆಕಾರವನ್ನೇ ಅಚ್ಚೊತ್ತಿಕೊಳ್ಳುತ್ತದೆ. ತೋಯ್ದ ಅರಿವಿ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ ಎತ್ತಿ ತೆಗೆಯಬೇಕು.

ಮೈ ಒಣಗಿಸಿದ ಮೇಲೆ ಎಳೆಬಿಸಿಲಿನಲ್ಲಿ ನಿಂತು ನೋಡುವ ಹೊತ್ತು ಬರುತ್ತದೆ. ಕಡುಬಣ್ಣದ ಕಾರಿನಲ್ಲಿ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ವರ್ತುಲಗಳು ಕಾಣುತ್ತವೆ. ಯಾರೋ ದುಂಡಗೆ ತಿಕ್ಕಿದ್ದಾರೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ನಿಜಕ್ಕೂ ಆ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಸೂರ್ಯನ ಬಿಂಬಕ್ಕೆ ಅಡ್ಡಲಾಗಿ ಮಲಗಿದ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ಕಳಿಸುತ್ತವೆ, ಉಳಿದವು ಕಾಣುವುದಿಲ್ಲ. ಹಾಗಾಗಿ ಕಂಡವೆಲ್ಲ ಸೇರಿ ಬಿಂಬದ ಸುತ್ತ ಉಂಗುರವಾಗುತ್ತವೆ. ನೀವು ಒಂದು ಹೆಜ್ಜೆ ಸರಿದರೆ ಬಿಂಬವೂ ಸರಿಯುತ್ತದೆ, ಉಂಗುರಗಳೂ ಅದರೊಂದಿಗೆ ಸರಿಯುತ್ತವೆ. ಊಟದ ಸ್ಟೀಲ್ ತಾಟಿನಲ್ಲಿ ದೀಪದ ಸುತ್ತ ಕಾಣುವುದೂ ಇದೇ. ಈ ಆಟ ಗೊತ್ತಾದ ದಿನದಿಂದ ನನಗೆ ಗೀರುಗಳ ಮೇಲಿನ ಸಿಟ್ಟು ಅರ್ಧ ಇಳಿದಿದೆ.

ಡಿಕ್ಕಿಯ ಮೇಲೆ ಇನ್ನೊಂದು ಬಗೆಯ ಗೀರಿದೆ. ಓಣಿಯ ಮಕ್ಕಳು ಧೂಳಿನಲ್ಲಿ ಬೆರಳಾಡಿಸಿ ಬರೆದ ಅಕ್ಷರಗಳು. ಧೂಳು ಹೋದರೂ ಬೆರಳ ಕೆಳಗೆ ಉರುಳಿದ ಹರಳಿನ ಗುರುತು ಹೋಗಿಲ್ಲ. ಓರೆ ಬಿಸಿಲಿನಲ್ಲಿ ಒಂದು 'ಅ', ಅದರ ಪಕ್ಕ ಅರ್ಧಕ್ಕೆ ಬಿಟ್ಟ 'ಆ' ಈಗಲೂ ಓದಬಹುದು. ಅವನ್ನು ತೆಗೆಯುವಷ್ಟು ಪಾಲಿಶ್ ಹಾಕಲು ನನ್ನ ಕೈ ಏಳುವುದಿಲ್ಲ. ಇದಕ್ಕೊಂದು ಲೆಕ್ಕವೂ ಇದೆ. ಪಾಲಿಶ್ ಎಂದರೆ ಗೀರಿನ ಅಂಚು ಸವೆಯುವ ತನಕ ಸುತ್ತಲ ಕ್ಲಿಯರ್ ಕೋಟನ್ನು ತುಸು ತೆಗೆಯುವುದು. ಗ್ಯಾರೇಜಿನಲ್ಲಿ ಮಷೀನು ಹಿಡಿದು ರಬ್ಬಿಂಗ್ ಮಾಡಿದರೆ ಒಂದೊಂದು ಸಲಕ್ಕೆ ಕೆಲವು ಮೈಕ್ರಾನ್ ಹೋಗಬಹುದು. ಇರುವುದೇ 40, 50. ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆದು ಬಣ್ಣ ಕಾಯುವ ಸತ್ವವೂ ಅದೇ ಪದರದಲ್ಲಿದೆ. ವರ್ಷಕ್ಕೆ ಹತ್ತು ಸಲ ಚೆನ್ನಾಗಿ ತೊಳೆಯುವವನ ಕಾರು ಹತ್ತು ಸಲ ರಬ್ಬಿಂಗ್ ಮಾಡಿಸುವವನ ಕಾರಿಗಿಂತ ಬಹಳ ಕಾಲ ಚೆಲುವಾಗಿರುತ್ತದೆ.

ಆದರೂ ಕೈಯಿಂದ ಪಾಲಿಶ್ ಮಾಡುವ ಮುಂಜಾನೆಯ ಸುಖವನ್ನು ಪೂರ್ತಿ ಬಿಟ್ಟುಕೊಡಲಾರೆ. ತೊಳೆದ ಮೈಯ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಕವರಿನೊಳಗೆ ಕೈಯಿಟ್ಟು ಸವರಿ ನೋಡಿ. ಬರಿ ಬೆರಳಿಗೆ ನುಣುಪೆನಿಸಿದ್ದು ಕವರಿನ ಒಳಗಿಂದ ತರಿತರಿಯಾಗಿ ತಿಳಿಯುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಮರದ ಅಂಟು, ಟಾರಿನ ಚುಕ್ಕೆ ಎಲ್ಲ ಅಲ್ಲಿ ಕೂತಿರುತ್ತವೆ. ಕ್ಲೇ ಬಾರ್ ಎಂಬ ಮೆತ್ತನೆಯ ಉಂಡೆಯನ್ನು ಸಾಬೂನು ನೀರಿನ ಜಾರಿನ ಮೇಲೆ ಆಡಿಸಿದರೆ ಅವು ಉಂಡೆಗೆ ಅಂಟಿ ಬರುತ್ತವೆ. ಮೊದಲ ಎಳೆತದಲ್ಲಿ ಕರಕರ ಸದ್ದು, ಆಮೇಲಾಮೇಲೆ ಮೌನ. ಸದ್ದು ನಿಂತಿತೆಂದರೆ ಆ ಜಾಗ ಮುಗಿಯಿತು.

ಪಾಲಿಶ್ ಶುರುವಾಗುವುದು ಅಲ್ಲಿಂದ. ನೆರಳಿರಬೇಕು, ತಗಡು ಕೈಗೆ ತಣ್ಣಗೆ ಹತ್ತಬೇಕು. ಸ್ಪಂಜಿನ ದುಂಡು ಪ್ಯಾಡಿಗೆ ನಾಣ್ಯದಷ್ಟು ಪಾಲಿಶ್ ಸಾಕು. ಒಂದು ಸಲಕ್ಕೆ ಒಂದು ಮೊಳ ಉದ್ದ, ಒಂದು ಮೊಳ ಅಗಲದ ಜಾಗ. ಅದಕ್ಕಿಂತ ಹೆಚ್ಚು ಹಿಡಿದರೆ ಕೈ ಅವಸರಪಡುತ್ತದೆ. ಪಾಲಿಶಿನೊಳಗಿನ ಅಲ್ಯುಮಿನಿಯಂ ಆಕ್ಸೈಡಿನ ಕಣಗಳು ಮೊದಲು ತುಸು ಕಚ್ಚುತ್ತವೆ, ಆ ಕಚ್ಚು ಅಂಗೈಗೆ ತಿಳಿಯುತ್ತದೆ. ಒಂದರ ಮೇಲೊಂದು ಅರ್ಧರ್ಧ ಹಾಯುವ ಹಾಗೆ ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ತಿಕ್ಕುತ್ತ ಹೋದಂತೆ ಕಣಗಳು ಒಡೆದು ಸಣ್ಣವಾಗುತ್ತವೆ, ಬಿಗಿ ಸಡಿಲುತ್ತದೆ, ಪ್ಯಾಡು ತೇಲತೊಡಗುತ್ತದೆ. ಆಗ ಒತ್ತುವುದನ್ನು ಬಿಟ್ಟು ಕೈಯ ಭಾರವಷ್ಟನ್ನೇ ಇಡಬೇಕು. ಒರೆಸಿದಾಗ ಆ ಒಂದು ಮೊಳದ ಚೌಕದಲ್ಲಿ ಬೇವಿನ ಎಲೆಗಳು ಒಂದೊಂದಾಗಿ ಎಣಿಸಲು ಬರುತ್ತವೆ, ಪಕ್ಕದ ತಿಕ್ಕದ ಜಾಗದಲ್ಲಿ ಅದೇ ಮರ ಬರೀ ಹಸುರು ಮೋಡ. ಎರಡರ ನಡುವಿನ ಗಡಿಯನ್ನು ನೋಡುತ್ತ ನಾನು ಸಾಕಷ್ಟು ಹೊತ್ತು ಕಳೆದಿದ್ದೇನೆ. ಪೂರ್ತಿ ಮುಗಿದ ಬಾನೆಟ್ಟಿಗಿಂತ ಅರ್ಧ ಮುಗಿದ ಬಾನೆಟ್ಟಿನಲ್ಲೇ ಹೊಳಪು ಹೆಚ್ಚು ತಿಳಿಯುತ್ತದೆ.

ಮೇಣ ಕೊನೆಗೆ. ಬಣ್ಣದ ಅಂದ ಕಾಪಾಡುವ ಮೇಣಗಳಲ್ಲಿ ನನಗೆ ಮೆಚ್ಚಿನದು ಕಾರ್ನೌಬಾ. ಬ್ರೆಜಿಲ್ ದೇಶದ ಈಶಾನ್ಯದ ಒಣಸೀಮೆಯಲ್ಲಿ ಬೆಳೆಯುವ ಒಂದು ತಾಳೆಯ ಎಲೆಯಿಂದ ಬರುವ ಮೇಣ ಅದು. ಉರಿಬಿಸಿಲಿನಲ್ಲಿ ಎಲೆಯ ನೀರು ಆರದಿರಲೆಂದು ಆ ಮರ ತನ್ನ ಎಲೆಗೆ ತಾನೇ ಹಚ್ಚಿಕೊಳ್ಳುತ್ತದೆ. ಜೇನುಮೇಣ 62, 64 ಡಿಗ್ರಿಗೆ ಕರಗುತ್ತದೆ, ಕಾರ್ನೌಬಾ ಕರಗಲು 82 ಡಿಗ್ರಿ ದಾಟಬೇಕು. ಏಪ್ರಿಲ್ಲಿನ ಕುಬಿಹಾಳದಲ್ಲಿ ಕೈಯಿಡಲಾಗದಷ್ಟು ಕಾಯುವ ಕಾರಿನ ಮಾಳಿಗೆಗೆ ಈ ಲೆಕ್ಕ ಮುಖ್ಯ. ಈಗ ಸೆರಾಮಿಕ್ ಕೋಟಿಂಗ್ ಎಂದು ವರ್ಷಗಟ್ಟಲೆ ಬಾಳುವ ಲೇಪಗಳು ಬಂದಿವೆ; ಬಾಳಿಕೆಯಲ್ಲಿ ಮೇಣ ಅವುಗಳ ಹತ್ತಿರವೂ ಸುಳಿಯದು. ಆದರೆ ಅವುಗಳ ಹೊಳಪಿನಲ್ಲಿ ಒಂದು ಗಡಸುತನವಿದೆ. ಮೇಣದ ಕೆಳಗೆ ಕಡುನೀಲಿ ಇನ್ನಷ್ಟು ಆಳಕ್ಕೆ ಇಳಿದ ಹಾಗೆ ನನ್ನ ಕಣ್ಣಿಗೆ ಕಾಣುತ್ತದೆ. ತೀರಾ ತೆಳುವಾಗಿ ಹಚ್ಚಿ, ಮಂಜು ಕಟ್ಟುವ ತನಕ ಬಿಟ್ಟು, ಮೈಕ್ರೋಫೈಬರ್ ಬಟ್ಟೆಯಿಂದ ತೆಗೆದು, ಕಡೆಯ ಒಂದು ಕೈ ಹಳೇ ಧೋತರದ ತುಂಡಿನಿಂದ. ಹತ್ತಿ ಬೆಳೆಯುವ ನೆಲ ನಮ್ಮದು. ವರ್ಷಗಟ್ಟಲೆ ಒಗೆಸಿಕೊಂಡು ಮೆದುವಾದ ಹತ್ತಿಯ ಬಟ್ಟೆಗಿರುವ ಹದ ಬೇರೆ. ಅಂಚಿನ ಹೊಲಿಗೆ, ಜರಿ ಮಾತ್ರ ಹರಿದು ತೆಗೆದಿರಬೇಕು. ರೋಹಿಣಿ ಮಳೆಯ ಮೊದಲ ಹನಿಗಳು ಆ ಮೇಣದ ಮೇಲೆ ಗುಂಡುಗುಂಡಾಗಿ ನಿಂತು, ಒಂದನ್ನೊಂದು ಕೂಡಿ, ಭಾರವಾಗಿ ಒಮ್ಮೆಲೇ ಜಾರುವುದನ್ನು ಪಡಸಾಲೆಯಿಂದ ನೋಡಬಹುದು.

ಖಂಡೇಪೂಜೆಯ ದಿನ ಊರಿನಲ್ಲಿ ಎಲ್ಲ ಗಾಡಿಗಳೂ ಹೀಗೆ ಮೈ ತೊಳೆದುಕೊಂಡು ಸಾಲಾಗಿ ನಿಲ್ಲುತ್ತವೆ. ಚೆಂಡುಹೂವಿನ ಮಾಲೆ, ಬಾಳೆಕಂಬ, ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಬೆರಳು, ಅರಿಸಿಣ, ಕುಂಕುಮ. ಹಚ್ಚುವ ಕೈಯನ್ನು ನಾನು ಎಂದೂ ತಡೆಯುವುದಿಲ್ಲ. ಮರುದಿನ ಬನ್ನಿ ಕೊಟ್ಟು ಬಂದ ಮೇಲೆ ತೆಗೆಯುವಾಗ ಒಣ ಒರೆಸದೆ ಮೊದಲು ನೀರು ಬಿಟ್ಟರೆ ಸರಿ, ವಿಭೂತಿಯೂ ಪುಡಿಯೇ. ಅರಿಸಿಣದ ಹಳದಿ ಸ್ವಲ್ಪ ಉಳಿದರೂ ಹೆದರಬೇಕಿಲ್ಲ, ಅದರ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.

ಹೋದ ಹಬ್ಬದಲ್ಲಿ ಅದೇ ದೊಡ್ಡಪ್ಪ ಕಾರಿನ ಕದದಲ್ಲಿ ತಮ್ಮ ರುಮಾಲು ನೋಡಿ ಸರಿಮಾಡಿಕೊಂಡರು. ಆಮೇಲೆ ತಮ್ಮ ಹಳೇ ಟ್ರ್ಯಾಕ್ಟರಿನ ಕಡೆ ಕೈ ಮಾಡಿ, 'ಅದಕ್ಕೂ ಒಂದೀಟ ತಿಕ್ಕಿ ನೋಡಪಾ, ಕೆಂಪ ಹೋಗಿ ಗುಲಾಬಿ ಆಗೇತಿ' ಎಂದರು. ಆ ಟ್ರ್ಯಾಕ್ಟರಿನ ಬಣ್ಣದ ಮೇಲೆ ಕ್ಲಿಯರ್ ಕೋಟಿಲ್ಲ. ಹಳೆಯ ಕಾರುಗಳ ಹಾಗೆ ಮೇಲಿನಿಂದ ಕೆಳಗಿನ ತನಕ ಅದು ಬಣ್ಣವೇ. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಡ್ಯೂಕೋ ಎಂಬ ಬೇಗ ಒಣಗುವ ಬಣ್ಣ ತಂದು, ವಾರಗಟ್ಟಲೆ ಹಿಡಿಯುತ್ತಿದ್ದ ಗಾಡಿಬಣ್ಣದ ಕೆಲಸವನ್ನು ಗಂಟೆಗಳಿಗೆ ಇಳಿಸಿದಾಗಲೂ ಆ ಬಣ್ಣ ಮಂಕಾಗಿಯೇ ಒಣಗುತ್ತಿತ್ತು, ಕೈಯಿಂದ ಉಜ್ಜಿದ ಮೇಲೇ ಹೊಳೆಯುತ್ತಿತ್ತು. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಪೇಂಟಿಗೆ ಡ್ಯೂಕೋ ಎನ್ನುವವರಿದ್ದಾರೆ. ಕ್ಲಿಯರ್ ಕೋಟಿಲ್ಲದ ಇಂಥ ಬಣ್ಣ ಬಿಸಿಲಿಗೆ ಮೇಲ್ಮೇಲೆ ಸತ್ತು ಸುಣ್ಣಗಟ್ಟುತ್ತದೆ, ಆ ಸತ್ತ ಪದರ ತೆಗೆದರೆ ಕೆಳಗೆ ಮೊದಲಿನ ಬಣ್ಣ ಹಾಗೇ ಇರುತ್ತದೆ. ಅಂಗೈಯಗಲ ಜಾಗ ತಿಕ್ಕಿದೆ. ಬಟ್ಟೆ ಕೆಂಪಾಯಿತು, ಅದರ ಕೆಳಗೆ ಟ್ರ್ಯಾಕ್ಟರೂ ಕೆಂಪಾಯಿತು. ದೊಡ್ಡಪ್ಪ ಬಗ್ಗಿ ಮುಟ್ಟಿ ನೋಡಿ, ಉಳಿದದ್ದಕ್ಕೆ ಎಷ್ಟು ಡಬ್ಬಿ ಬೇಕಾಗುತ್ತದೆ, ಹುಬ್ಬಳ್ಳಿಗೆ ಯಾವಾಗ ಹೋಗುತ್ತೀ ಎಂದು ಕೇಳಿದರು. ಕಡಲಿ ಬಿತ್ತಿಗೆ ಮುಗಿದ ಮೇಲೆ ಎಂದೆ.